ಚಳಿಗಾಲದ ಹೆಲ್ವೆಲಿನ್ ಶಿಖರದಿಂದ ಹ್ಯಾಮ್ ರೇಡಿಯೋ: ನನ್ನ ಅನುಭವ

ಚಳಿಗಾಲದಲ್ಲಿ ಮೊದಲ ಬಾರಿ ಇಂಗ್ಲೆಂಡಿನ ಹೆಲ್ವೆಲಿನ್ ಬೆಟ್ಟದ ತುದಿಗೆ ರೇಡಿಯೋ ಹೊತ್ತು ಹೋದಾಗ ನಾನು ಮೂರು ಸಂಪರ್ಕಗಳನ್ನಷ್ಟೇ ಬರೆದುಕೊಂಡು ಇಳಿದು ಬಂದೆ. ಶಿಖರದ ಅಂಕ ಸಿಗಲು ನಾಲ್ಕು ಬೇಕು. ಕರೆಯುವವರಿಗೇನೂ ಕೊರತೆಯಿರಲಿಲ್ಲ, ಹೆಡ್‌ಫೋನಿನಲ್ಲಿ ಇನ್ನೂ ಇಬ್ಬರು ಮೂವರು ನನ್ನನ್ನೇ ಕೂಗುತ್ತಿದ್ದರು. ಆದರೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಳುಹಿಸುವ ಕೀಲಿ ಒತ್ತಿದ ಕೂಡಲೇ ಸೆಟ್ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು, ಬೆರಳುಗಳು ಪೆನ್ಸಿಲನ್ನು ಹಿಡಿದಿವೆಯೋ ಇಲ್ಲವೋ ಎಂಬುದು ಕಣ್ಣಿನಿಂದ ನೋಡಿದರಷ್ಟೇ ಗೊತ್ತಾಗುತ್ತಿತ್ತು. ಆ ದಿನದ ನಂತರ ನಾನು ಒಂದೇ ಲೆಕ್ಕವನ್ನು ಹಿಡಿದುಕೊಂಡು ಇಡೀ ವ್ಯವಸ್ಥೆಯನ್ನು ಬದಲಿಸಿದೆ: ಹೊರಟಲ್ಲಿಂದ ಮರಳುವವರೆಗೆ ನನ್ನ ಕೈ ಒಟ್ಟು ಎಷ್ಟು ನಿಮಿಷ ಕೈಗವಸಿನಿಂದ ಹೊರಗಿರುತ್ತದೆ?

ಬೆಟ್ಟದ ತುದಿಯಿಂದ ರೇಡಿಯೋದಲ್ಲಿ ಇತರ ಹವ್ಯಾಸಿಗಳನ್ನು ಸಂಪರ್ಕಿಸುವ ಈ ಹವ್ಯಾಸಕ್ಕೆ ಸಮಿಟ್ಸ್ ಆನ್ ದಿ ಏರ್ ಎಂದು ಹೆಸರು. ನಾವು ಸೋಟಾ ಎನ್ನುತ್ತೇವೆ. 2002ರ ಮಾರ್ಚ್ 2ರಂದು ಬ್ರಿಟನ್ನಿನಲ್ಲಿ ಆರಂಭವಾದ ಇದು ಈಗ ಹಲವು ದೇಶಗಳಲ್ಲಿ ಹಬ್ಬಿದೆ. ವಾಹನದಲ್ಲಿ ಕುಳಿತು ಮಾತನಾಡುವಂತಿಲ್ಲ, ಪೆಟ್ರೋಲ್ ಜನರೇಟರ್ ತರುವಂತಿಲ್ಲ, ಕೊನೆಯ ಹಾದಿಯನ್ನು ಎಂಜಿನ್ನಿನ ಸಹಾಯವಿಲ್ಲದೆ ಏರಬೇಕು, ಸಾಮಾನ್ಯವಾಗಿ ತುದಿಯಿಂದ ಲಂಬವಾಗಿ 25 ಮೀಟರ್ ಒಳಗೇ ನಿಲ್ದಾಣ ಹೂಡಬೇಕು. ಎತ್ತರಕ್ಕೆ ತಕ್ಕಂತೆ ಅಂಕಗಳಿರುತ್ತವೆ, ಇಲ್ಲಿನ ಎತ್ತರದ ಶಿಖರಗಳಿಗೆ ಚಳಿಗಾಲದಲ್ಲಿ 3 ಅಂಕ ಹೆಚ್ಚುವರಿಯಾಗಿ ಸಿಗುತ್ತವೆ. ಬೆಟ್ಟವೇರಿ ಸಾವಿರ ಅಂಕ ಮುಟ್ಟಿದವರನ್ನು ಮೌಂಟನ್ ಗೋಟ್ ಎಂದು ಕರೆಯುತ್ತಾರೆ. ಆ ಮೂರು ಅಂಕಗಳ ಆಸೆಯೂ ನನ್ನನ್ನು ಹಿಮಕ್ಕೆ ಎಳೆದದ್ದು ನಿಜ.

ಹೆಲ್ವೆಲಿನ್ ಉತ್ತರ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿದೆ. ಎತ್ತರ 950 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟು. ಚಿಕ್ಕಮಗಳೂರಿನ ಕಡೆಯ ಬೆಟ್ಟಗಳನ್ನು ಡಿಸೆಂಬರಿನಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಏರಿದ್ದ ನನಗೆ ಈ ಸಂಖ್ಯೆ ಮೊದಲು ಮೋಸ ಮಾಡಿತು. ಇಲ್ಲಿ ಅಕ್ಷಾಂಶ 54 ಡಿಗ್ರಿ ದಾಟಿದೆ, ಸಮುದ್ರದ ಗಾಳಿ ನೇರವಾಗಿ ಬೆಟ್ಟಕ್ಕೆ ಬಡಿಯುತ್ತದೆ. ತುದಿಯಲ್ಲಿ ಸೊನ್ನೆಗಿಂತ 4 ಡಿಗ್ರಿ ಕಡಿಮೆಯಿದ್ದು ಗಂಟೆಗೆ 50 ಕಿಲೋಮೀಟರ್ ಗಾಳಿಯಿದ್ದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ ಸುಮಾರು 14 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಚಳಿಗಾಲದಲ್ಲಿ ರಾಷ್ಟ್ರೀಯ ಉದ್ಯಾನದ ಪರವಾಗಿ ಒಬ್ಬರು ದಿನವೂ ಹೆಲ್ವೆಲಿನ್ ಏರಿ ತುದಿಯ ಉಷ್ಣತೆ, ಗಾಳಿ ಮತ್ತು ಹಿಮದ ಸ್ಥಿತಿಯನ್ನು ಅಳೆದು ವೆದರ್‌ಲೈನ್ ಎಂಬ ಸೇವೆಯಲ್ಲಿ ವರದಿ ಕೊಡುತ್ತಾರೆ. ಹಿಂದಿನ ದಿನದ ಆ ವರದಿಯನ್ನು ಓದದೆ ನಾನು ಮನೆಯಿಂದ ಹೊರಡುವುದಿಲ್ಲ. ಐಸ್ ಆಕ್ಸ್ (ಹಿಮಗೊಡಲಿ) ಮತ್ತು ಕ್ರ್ಯಾಂಪನ್ (ಬೂಟಿನಡಿ ಕಟ್ಟುವ ಲೋಹದ ಮುಳ್ಳುಗಳು) ಬೇಕೆಂದು ಅದರಲ್ಲಿ ಬರೆದಿದ್ದರೆ ಅವು ಚೀಲದಲ್ಲಿರುತ್ತವೆ, ಅವುಗಳನ್ನು ಬಳಸುವುದನ್ನು ನಾನು ಹಣ ಕೊಟ್ಟು ಕಲಿತಿದ್ದೇನೆ. ಹೆಸರಾಂತ ಸ್ಟ್ರೈಡಿಂಗ್ ಎಡ್ಜ್ ಏಣಿನ ಮೇಲೆ ನಾನು ಹಿಮವಿರುವಾಗ ಹೋಗುವುದಿಲ್ಲ; ಥರ್ಲ್‌ಮಿಯರ್ ಜಲಾಶಯದ ಕಡೆಯ ಪಶ್ಚಿಮದ ಹಾದಿಯೇ ನನಗೆ ಸಾಕು.

ಆಂಟೆನಾದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬೆರಳುಗಳ ನಿಮಿಷಗಳು ಹೆಚ್ಚಾಗಿ ಖರ್ಚಾಗುವುದು ಅಲ್ಲಿಯೇ. ಬೇಸಿಗೆಯಲ್ಲಿ ನಾನು ಕೊಂಡಿಗಳಿರುವ ಡೈಪೋಲ್, ಅಂದರೆ ನಡುವಿನಿಂದ ಎರಡೂ ಕಡೆಗೆ ತಂತಿ ಚಾಚಿದ ಆಂಟೆನಾ, ಬಳಸುತ್ತಿದ್ದೆ. ಬ್ಯಾಂಡ್ (ಆವರ್ತನಗಳ ಪಟ್ಟಿ) ಬದಲಿಸಬೇಕಾದಾಗಲೆಲ್ಲ ಕಂಬವನ್ನು ಇಳಿಸಿ, ಎರಡೂ ಕಡೆಯ ತಂತಿಯ ಬಳಿ ನಡೆದು, ಸಣ್ಣ ಕ್ಲಿಪ್ಪುಗಳನ್ನು ಬಿಚ್ಚಿ ಹಾಕಬೇಕು. ಹುಲ್ಲಿನ ಮೇಲೆ ಅದು ಹಿತವಾದ ಕೆಲಸ. ಹಿಮದಲ್ಲಿ ಒಂದೊಂದು ಕ್ಲಿಪ್ಪೂ ಬೆರಳಿನ ಬಿಸಿಯನ್ನು ಕಿತ್ತುಕೊಳ್ಳುತ್ತದೆ. ಈಗ ನನ್ನ ಬಳಿ ಇರುವುದು ಒಂದು ತುದಿಯಿಂದಲೇ ಸಂಕೇತ ಊಡುವ, ಅಲೆಯುದ್ದದ ಅರ್ಧದಷ್ಟಿರುವ ಒಂದೇ ತಂತಿ, ಸುಮಾರು 20 ಮೀಟರ್ ಉದ್ದದ್ದು. ತಂತಿಯನ್ನು ಸೆಟ್ಟಿಗೆ ಹೊಂದಿಸುವ 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಮೂಲಕ ಅದು 40, 20, 15 ಮತ್ತು 10 ಮೀಟರ್ ಬ್ಯಾಂಡ್‌ಗಳಲ್ಲಿ ಏನನ್ನೂ ಮುಟ್ಟದೆಯೇ ಕೆಲಸ ಮಾಡುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ತುದಿ ನನ್ನ ಚೀಲದ ಪಟ್ಟಿಗೆ, ನಡುಭಾಗ 6 ಮೀಟರಿನ ಫೈಬರ್‌ಗ್ಲಾಸ್ ಕಂಬದ ಮೇಲೆ, ಇನ್ನೊಂದು ತುದಿ ಹಿಮದಲ್ಲಿ ನೆಟ್ಟ ಚಾರಣದ ಕೋಲಿಗೆ. ಗಂಟು ಎಲ್ಲಿಯೂ ಇಲ್ಲ; ದಪ್ಪ ಕೈಗವಸಿನಲ್ಲೂ ತೂರಿಸಬಹುದಾದಷ್ಟು ದೊಡ್ಡ ಕುಣಿಕೆಗಳನ್ನು ಮನೆಯಲ್ಲೇ ಕಟ್ಟಿಟ್ಟಿದ್ದೇನೆ. ಹೆಪ್ಪುಗಟ್ಟಿದ ನೆಲದೊಳಗೆ ಗೂಟ ಇಳಿಯುವುದಿಲ್ಲವಾದ್ದರಿಂದ ಗೂಟಗಳನ್ನು ಒಯ್ಯುವುದನ್ನೇ ಬಿಟ್ಟೆ. ತುದಿಯ ಬಳಿ ಗಾಳಿಯಿಂದ ಮರೆಯಾಗಲು ಶಿಲುಬೆಯಾಕಾರದಲ್ಲಿ ಕಟ್ಟಿದ ಕಲ್ಲಿನ ಗೋಡೆಯಿದೆ, ಆದರೆ ಅಲ್ಲಿ ಚಾರಣಿಗರು ಊಟಕ್ಕೆ ಕೂರುತ್ತಾರೆ. ಅವರ ಕುತ್ತಿಗೆಯ ಮಟ್ಟಕ್ಕೆ ತಂತಿ ಎಳೆಯುವುದು ಸರಿಯಲ್ಲ. ನಾನು ಸ್ವಲ್ಪ ದೂರದಲ್ಲಿ, ಬಯಲಾದ ಪಶ್ಚಿಮದ ಬದಿಯಲ್ಲಿ ಕೂರುತ್ತೇನೆ. ಪೂರ್ವದಲ್ಲಿ ರೆಡ್ ಟಾರ್ನ್ ಕೆರೆಯ ಕಡೆಗೆ ಬೆಟ್ಟ ಕಡಿದಾಗಿ ಬೀಳುತ್ತದೆ, ಗಾಳಿ ಹೊತ್ತು ತಂದ ಹಿಮ ಆ ಅಂಚಿನಿಂದಾಚೆಗೆ ಕೆಳಗೆ ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ. ಮಂಜಿನಲ್ಲಿ ನೆಲ ಎಲ್ಲಿ ಮುಗಿಯಿತೆಂದು ತಿಳಿಯದು, ಆದ್ದರಿಂದ ತಂತಿಯ ಯಾವ ತುದಿಯನ್ನೂ ಆ ಕಡೆಗೆ ಒಯ್ಯುವುದಿಲ್ಲ.

ಆಂಟೆನಾವನ್ನು ಸೆಟ್ಟಿಗೆ ಜೋಡಿಸುವ ಕೋಆಕ್ಸ್ ಕೇಬಲ್ ಕೂಡ ಬದಲಾಯಿತು. ಸಾಮಾನ್ಯ ಪಿವಿಸಿ ಹೊದಿಕೆಯ ಕೇಬಲ್ ಚಳಿಯಲ್ಲಿ ಕೋಲಿನಂತೆ ಸೆಟೆದು, ಮಡಿಲಲ್ಲಿದ್ದ ಸೆಟ್ಟನ್ನೇ ಎಳೆದಾಡುತ್ತಿತ್ತು. ಟೆಫ್ಲಾನ್ ಹೊದಿಕೆಯ ತೆಳ್ಳಗಿನ ಕೇಬಲ್ ಮೃದುವಾಗಿಯೇ ಇರುತ್ತದೆ.

ಸೆಟ್ ಆರಿಹೋದದ್ದಕ್ಕೆ ಕಾರಣ ಬ್ಯಾಟರಿಯನ್ನು ಚೀಲದ ಹೊರಜೇಬಿನಲ್ಲಿ ಇಟ್ಟು ಎರಡೂವರೆ ಗಂಟೆ ನಡೆದ ನನ್ನ ತಪ್ಪೇ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಒಳರೋಧ ಚಳಿಯಲ್ಲಿ ಏರುತ್ತದೆ. ಕೇಳುತ್ತಿರುವಾಗ ಎಲ್ಲ ಸರಿಯಾಗಿ ಕಾಣುತ್ತದೆ, ಆದರೆ 5 ವ್ಯಾಟ್ ಕಳುಹಿಸಲು ಕೀಲಿ ಒತ್ತಿ 2 ಆಂಪಿಯರಿನಷ್ಟು ಎಳೆದ ಕ್ಷಣ ವೋಲ್ಟೇಜ್ ಕುಸಿದು ಸೆಟ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಈಗ ಬ್ಯಾಟರಿ ನನ್ನ ಒಳಜಾಕೆಟ್ಟಿನ ಎದೆಜೇಬಿನಲ್ಲಿ ಮೈಬಿಸಿಯಲ್ಲೇ ಬರುತ್ತದೆ, ಶಿಖರದಲ್ಲೂ ಅಲ್ಲೇ ಉಳಿಯುತ್ತದೆ. ಅಲ್ಲಿಂದ ಒಂದು ವೈರು ಮಾತ್ರ ಸೆಟ್ಟಿಗೆ ಹೊರಬರುತ್ತದೆ. ಅಂದಿನಿಂದ ಸೆಟ್ ಒಮ್ಮೆಯೂ ಆರಿಲ್ಲ.

ಚಳಿಗಾಲದಲ್ಲಿ ನಾನು ಮಾತಿಗಿಂತ ಮೋರ್ಸ್ ಸಂಕೇತವನ್ನೇ ಆರಿಸಿಕೊಳ್ಳುವುದಕ್ಕೂ ಕೈಯ ಲೆಕ್ಕವೇ ಕಾರಣ. ಕಡಿಮೆ ಶಕ್ತಿಯಲ್ಲಿ ಮೋರ್ಸ್ ದೂರ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು ಲಾಭವೂ ಇದೆ. ಯಾವ ಶಿಖರದಿಂದ, ಎಷ್ಟು ಹೊತ್ತಿಗೆ ಬರುತ್ತೇನೆಂದು ಮೊದಲೇ ಪ್ರಕಟಿಸಿದ್ದರೆ, ನಾನು ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆದಾಗ ರಿವರ್ಸ್ ಬೀಕನ್ ನೆಟ್‌ವರ್ಕ್‌ನ ಸ್ವಯಂಚಾಲಿತ ಗ್ರಾಹಕಗಳು ನನ್ನ ಕಾಲ್‌ಸೈನ್ (ರೇಡಿಯೋದಲ್ಲಿನ ಗುರುತಿನ ಹೆಸರು) ಮತ್ತು ಆವರ್ತನವನ್ನು ಹಿಡಿಯುತ್ತವೆ, ಸೋಟಾದ ಪಟ್ಟಿಯಲ್ಲಿ ಅದು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಕೈಗವಸು ತೆಗೆದು, ಚಳಿಗೆ ಸಾಯುತ್ತಿರುವ ಫೋನನ್ನು ಹೊರಗೆಳೆದು ಟೈಪ್ ಮಾಡುವ ಅಗತ್ಯವಿಲ್ಲ. ಎರಡನೆಯ ಪ್ರಯತ್ನದ ದಿನ 14.062 ಮೆಗಾಹರ್ಟ್ಸ್‌ನಲ್ಲಿ ಮೂರನೆಯ ಕರೆ ಮುಗಿಯುವ ಮೊದಲೇ ಐದಾರು ನಿಲ್ದಾಣಗಳು ಒಂದರ ಮೇಲೊಂದು ಬಿದ್ದು ಕೂಗಿದವು. ಎಡಗೈ ದಪ್ಪ ಕೈಗವಸಿನಲ್ಲೇ ಸೆಟ್ಟನ್ನು ಒತ್ತಿ ಹಿಡಿದಿತ್ತು. ಬಲಗೈಯಲ್ಲಿ ತೆಳ್ಳಗಿನ ಉಣ್ಣೆಯ ಗವಸು, ಅದರ ಎರಡು ಬೆರಳಿನ ನಡುವೆ ದಾರ ಕಟ್ಟಿದ ಪೆನ್ಸಿಲ್. ಪೆನ್ನಿನ ಶಾಯಿ ಆ ಚಳಿಯಲ್ಲಿ ಹರಿಯುವುದಿಲ್ಲ. ಕಾಲ್‌ಸೈನ್ ಮತ್ತು ಸಮಯ ಮಾತ್ರ ಬರೆಯುತ್ತಿದ್ದೆ, ಐದು ಸಂಪರ್ಕಗಳಾದ ಕೂಡಲೇ ಕೈಯನ್ನು ಕಂಕುಳಿಗೆ ಸೇರಿಸಿ ಒಂದು ನಿಮಿಷ ಸುಮ್ಮನಿರುತ್ತಿದ್ದೆ. ಕಾಯುವವರು ಕಾಯುತ್ತಾರೆ. ಆ ದಿನ ಇಪ್ಪತ್ತೆರಡು ಸಂಪರ್ಕಗಳಾದವು, ಅವುಗಳಲ್ಲಿ ಒಂದು ಆಲ್ಪ್ಸ್‌ನ ಇನ್ನೊಂದು ಶಿಖರದಲ್ಲಿ ನನ್ನಂತೆಯೇ ಹಿಮದಲ್ಲಿ ಕುಳಿತಿದ್ದವರದ್ದು. ಅವರ ಕೀಲಿಯ ಲಯ ನಡುನಡುವೆ ತಡವರಿಸುತ್ತಿತ್ತು. ಅವರ ಬೆರಳುಗಳ ಸ್ಥಿತಿ ಏನೆಂದು ನನಗೆ ಅರ್ಥವಾಯಿತು, ನಾನು ಕೀಲಿಯ ವೇಗವನ್ನು ಇಳಿಸಿದೆ.

ಒಮ್ಮೆ ಒಣ ಹಿಮ ಗಾಳಿಯಲ್ಲಿ ಅಡ್ಡಡ್ಡಲಾಗಿ ಹಾರುತ್ತಿದ್ದಾಗ ಹೆಡ್‌ಫೋನಿನಲ್ಲಿ ಭೋರ್ಗರೆತ ನಿಧಾನವಾಗಿ ಏರತೊಡಗಿತು. ಬ್ಯಾಂಡ್ ಕೆಟ್ಟಿತೆಂದುಕೊಂಡು ಕೇಬಲ್ ಬಿಚ್ಚಲು ಹೋದೆ. ಕನೆಕ್ಟರಿನಿಂದ ಬೆರಳಿಗೆ ಚಿಟ್ಟೆಂದು ಕಿಡಿ ಹಾರಿತು. ಹಾರುವ ಹಿಮದ ಕಣಗಳು ತಂತಿಗೆ ಉಜ್ಜಿ ವಿದ್ಯುದಂಶ ತುಂಬುತ್ತವೆ, ಅದು ಸೆಟ್ಟಿನ ಗ್ರಾಹಕ ಭಾಗವನ್ನು ಸುಡಬಲ್ಲದು. ಈಗ ಆಂಟೆನಾ ಕನೆಕ್ಟರಿನ ಎರಡು ತುದಿಗಳ ನಡುವೆ 100 ಕಿಲೋಓಮ್‌ನ ಒಂದು ರೆಸಿಸ್ಟರ್ ಬೆಸುಗೆ ಹಾಕಿದ್ದೇನೆ, ಅಲ್ಲಿ ತುಂಬುವ ವಿದ್ಯುತ್ತು ಅದರ ಮೂಲಕ ಸೋರಿಹೋಗುತ್ತದೆ. ಆದರೂ ಭೋರ್ಗರೆತ ಕೇಳಿದರೆ ಸೆಟ್ ಆರಿಸಿ ಕಂಬ ಇಳಿಸುತ್ತೇನೆ. ಅಂಥ ದಿನಗಳಿಗಾಗಿ ಎದೆಜೇಬಿನಲ್ಲಿ 2 ಮೀಟರ್ ಬ್ಯಾಂಡಿನ ಪುಟ್ಟ ಕೈಸೆಟ್ ಇರುತ್ತದೆ, 145.500 ಮೆಗಾಹರ್ಟ್ಸ್‌ನಲ್ಲಿ ಕರೆದರೆ ಸುತ್ತಲಿನ ಊರುಗಳಿಂದ ನಾಲ್ವರು ಸಿಕ್ಕುವುದು ಕಷ್ಟವಲ್ಲ.

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೂ ಮುಂಚೆ ಸೂರ್ಯ ಮುಳುಗುತ್ತಾನೆ. ಯಾರು ಕರೆಯುತ್ತಿದ್ದರೂ ಒಂದೂವರೆಗೆ ನಾನು ಸೆಟ್ ಮುಚ್ಚುತ್ತೇನೆ. ಇಳಿಸುವಾಗ ಕಂಬದ ತುಂಡುಗಳು ಒಂದರೊಳಗೊಂದು ಮಂಜುಗಟ್ಟಿ ಸಿಕ್ಕಿಕೊಂಡಿರುತ್ತವೆ. ತಿರುಚಿದರೆ ಒಡೆಯುತ್ತವೆ, ಕೀಲನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದರೆ ಸಡಿಲವಾಗುತ್ತವೆ. ಇಡೀ ದಿನದಲ್ಲಿ ಬರಿಗೈಯಿಂದ ಮಾಡುವ ಕೆಲಸ ಈಗ ಇದೊಂದೇ, ಮೂರು ನಿಮಿಷದ್ದು. ಮನೆಗೆ ಬಂದ ಮೇಲೆ ಕಂಬವನ್ನು ಬಿಡಿಸಿ ಒಣಗಲು ಇಡುತ್ತೇನೆ, ಬ್ಯಾಟರಿಯನ್ನು ರಾತ್ರಿಯಿಡೀ ಕೋಣೆಯ ಬಿಸಿಗೆ ಬಿಡುತ್ತೇನೆ, ಏಕೆಂದರೆ ಸೊನ್ನೆಗಿಂತ ತಣ್ಣಗಿರುವಾಗ ಅದಕ್ಕೆ ಚಾರ್ಜ್ ಹಾಕಿದರೆ ಒಳಗಿನ ಕೋಶಗಳು ಹಾಳಾಗುತ್ತವೆ. ಒದ್ದೆಯಾಗಿ ಸುರುಟಿದ ಲಾಗ್ ಹಾಳೆಯಲ್ಲಿನ ಪೆನ್ಸಿಲ್ ಗೆರೆಗಳನ್ನು ಕಂಪ್ಯೂಟರಿಗೆ ಏರಿಸುವುದು ಮರುದಿನ ಬೆಳಗಿನ ಕೆಲಸ.