ಅಮೆರಿಕದ ನೀರು ಮತ್ತು ತ್ಯಾಜ್ಯ ನೀರು ಆಪರೇಟರ್ ಪರೀಕ್ಷೆಗೆ ಸಿದ್ಧತೆ

ಅಮೆರಿಕದಲ್ಲಿ ಕುಡಿಯುವ ನೀರಿನ ಘಟಕವನ್ನಾಗಲಿ ತ್ಯಾಜ್ಯ ನೀರಿನ ಘಟಕವನ್ನಾಗಲಿ ನಡೆಸುವ ಆಪರೇಟರ್ ಆಗಲು ಎಂಜಿನಿಯರಿಂಗ್ ಪದವಿಯೊಂದೇ ಸಾಲದು. ಆಯಾ ರಾಜ್ಯದ ಪ್ರಮಾಣಪತ್ರವೂ ಬೇಕು. ಕುಡಿಯುವ ನೀರಿನ ಕಾಯ್ದೆಗೆ 1996ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಮಾರ್ಗಸೂಚಿ ಹೊರಡಿಸಿತಾದರೂ ಪ್ರಮಾಣಪತ್ರ ಕೊಡುವುದು ರಾಜ್ಯಗಳ ಹೊಣೆ. ಹೀಗಾಗಿ ದರ್ಜೆಗಳ ಹೆಸರು, ಬೇಕಾದ ಅನುಭವ ಎಲ್ಲವೂ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕುಡಿಯುವ ನೀರಿನ ಶುದ್ಧೀಕರಣಕ್ಕೆ ಟಿ1ರಿಂದ ಟಿ5, ವಿತರಣೆಗೆ ಡಿ1ರಿಂದ ಡಿ5 ಎಂಬ ದರ್ಜೆಗಳಿದ್ದರೆ, ಟೆಕ್ಸಸ್‌ನಲ್ಲಿ ಡಿ ಕೆಳಗಿನ ದರ್ಜೆ, ಎ ಮೇಲಿನದು.

ಪುಸ್ತಕ ತೆರೆಯುವ ಮೊದಲು ನಿಮ್ಮ ರಾಜ್ಯದ ಜಾಲತಾಣದಿಂದ ಆ ದರ್ಜೆಗೆ ತಿಳಿದಿರಬೇಕಾದ ವಿಷಯಗಳ ಪಟ್ಟಿಯನ್ನೂ ಪರೀಕ್ಷೆಯಲ್ಲಿ ಕೊಡುವ ಸೂತ್ರಗಳ ಹಾಳೆಯನ್ನೂ ಇಳಿಸಿಕೊಳ್ಳಿ. ಓದಿಗೆ ಸ್ಯಾಕ್ರಮೆಂಟೊ ಸ್ಟೇಟ್ ವಿಶ್ವವಿದ್ಯಾಲಯದ ತರಬೇತಿ ಕೈಪಿಡಿಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅವು ದಪ್ಪವಾದವು, ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬೇಕಾದ ಅಧ್ಯಾಯಗಳನ್ನಷ್ಟೇ ಓದಿದರೆ ಸಾಕು.

ಭಾರತದಲ್ಲಿ ಓದಿ ಬಂದವರು ಎಡವುವುದು ಸಾಮಾನ್ಯವಾಗಿ ಅಳತೆಯ ಮಾನಗಳಲ್ಲಿ. ನಮ್ಮ ಲೆಕ್ಕದಲ್ಲಿ ದಿನದ ಹರಿವನ್ನು ದಶಲಕ್ಷ ಲೀಟರ್‌ಗಳಲ್ಲಿ ಹಿಡಿದು ಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂಬ ಪ್ರಮಾಣದಿಂದ ಗುಣಿಸಿದರೆ ಉತ್ತರ ನೇರವಾಗಿ ಕಿಲೋಗ್ರಾಂನಲ್ಲಿ ಬರುತ್ತದೆ. ಅಲ್ಲಿ ಹರಿವು ದಶಲಕ್ಷ ಗ್ಯಾಲನ್‌ಗಳಲ್ಲಿ, ತೂಕ ಪೌಂಡ್‌ಗಳಲ್ಲಿ ಇರುವುದರಿಂದ, ಒಂದು ಗ್ಯಾಲನ್ ನೀರಿನ ತೂಕವಾದ 8.34 ಪೌಂಡ್ ನಡುವೆ ಬಂದು ಕೂರುತ್ತದೆ. ದಿನಕ್ಕೆ 20 ಲಕ್ಷ ಗ್ಯಾಲನ್ ನೀರಿಗೆ ಲೀಟರ್‌ಗೆ 3 ಮಿಲಿಗ್ರಾಂನಂತೆ ಕ್ಲೋರಿನ್ ಹಾಕಬೇಕೆಂದರೆ 2 × 3 × 8.34, ಅಂದರೆ ಸುಮಾರು 50 ಪೌಂಡ್. ಅನುಮಾನ ಬಂದರೆ ಮೆಟ್ರಿಕ್‌ನಲ್ಲಿ ತಾಳೆ ನೋಡಿ: ಒಂದು ಗ್ಯಾಲನ್‌ಗೆ 3.785 ಲೀಟರ್‌ನಂತೆ 7.57 ದಶಲಕ್ಷ ಲೀಟರ್, 22.7 ಕಿಲೋಗ್ರಾಂ, ಮತ್ತೆ ಅದೇ 50 ಪೌಂಡ್. ಪ್ರಶ್ನೆಯ ಕೊನೆಯಲ್ಲಿ ಶೇ. 65ರ ಬಲದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ (ತೂಕದ ಶೇ. 65ರಷ್ಟು ಕ್ಲೋರಿನ್ ಒದಗಿಸುವ ರಾಸಾಯನಿಕ) ಎಂದಿದ್ದರೆ 0.65ರಿಂದ ಭಾಗಿಸಬೇಕು, ಆಗ ಉತ್ತರ ಸುಮಾರು 77 ಪೌಂಡ್. ಬಹು ಆಯ್ಕೆಯ ಪ್ರಶ್ನೆಗಳಲ್ಲಿ 50 ಕೂಡ ಒಂದು ಆಯ್ಕೆಯಾಗಿ ಕಾದು ಕುಳಿತಿರುವ ಸಂಭವ ಹೆಚ್ಚು, ಮತ್ತು 0.65ರಿಂದ ಗುಣಿಸಿದಾಗ ಬರುವ 32.5 ಸಹ. ಘನ ಅಡಿಗೆ 7.48 ಗ್ಯಾಲನ್, ಒಂದು ಪಿಎಸ್‌ಐ (ಚದರ ಇಂಚಿಗೆ ಒಂದು ಪೌಂಡ್) ಒತ್ತಡಕ್ಕೆ 2.31 ಅಡಿ ಎತ್ತರದ ನೀರು ಎಂಬ ಎರಡು ಸಂಖ್ಯೆಗಳೂ ನೆನಪಿನಲ್ಲಿರಲಿ. ಪ್ರತಿ ಹಂತದಲ್ಲೂ ಸಂಖ್ಯೆಯ ಪಕ್ಕದಲ್ಲಿ ಮಾನವನ್ನು ಬರೆಯುವುದು ನಿಧಾನದ ಕೆಲಸವೆನಿಸಿದರೂ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ.

ತ್ಯಾಜ್ಯ ನೀರಿನ ಪರೀಕ್ಷೆಯಲ್ಲಿ ಸೂತ್ರಕ್ಕಿಂತ ಲಕ್ಷಣ ನೋಡಿ ಕಾರಣ ಹೇಳುವ ಪ್ರಶ್ನೆಗಳು ಕಷ್ಟ. ಆಕ್ಟಿವೇಟೆಡ್ ಸ್ಲಡ್ಜ್ (ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳ ಕೆಸರು) ತೊಟ್ಟಿಯ ಮಾದರಿ ಮೂವತ್ತು ನಿಮಿಷದಲ್ಲಿ ಲೀಟರ್‌ಗೆ 250 ಮಿಲಿಲೀಟರ್‌ಗೆ ಇಳಿದು, ಘನಾಂಶ ಲೀಟರ್‌ಗೆ 2,500 ಮಿಲಿಗ್ರಾಂ ಇದ್ದರೆ ಸ್ಲಡ್ಜ್ ಸೂಚ್ಯಂಕ, ಅಂದರೆ ಒಂದು ಗ್ರಾಂ ಘನಾಂಶ ನೆಲೆಗೊಂಡ ಮೇಲೆ ಹಿಡಿಯುವ ಮಿಲಿಲೀಟರ್ ಜಾಗ, 100, ಅದು ಚೆನ್ನಾಗಿ ನೆಲೆಗೊಳ್ಳುವ ಸ್ಲಡ್ಜ್. ಅದೇ ಸೂಚ್ಯಂಕ 200 ದಾಟಿದರೆ ಎಳೆಎಳೆಯಾದ ಬ್ಯಾಕ್ಟೀರಿಯಾ ಹೆಚ್ಚಿರಬಹುದು. ಆಗ ಕರಗಿದ ಆಮ್ಲಜನಕ, ಪೋಷಕಾಂಶ, ಪಿಎಚ್ ಇವುಗಳನ್ನು ಮೊದಲು ನೋಡಬೇಕು. ನೈಟ್ರಿಫಿಕೇಶನ್‌ನಲ್ಲಿ (ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಕ್ರಿಯೆ) ಪ್ರತಿ ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7.1 ಮಿಲಿಗ್ರಾಂ ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಖರ್ಚಾಗುವುದು ಗೊತ್ತಿದ್ದವರಿಗೆ ಪಿಎಚ್ ಏಕೆ ಕುಸಿಯಿತೆಂಬ ಪ್ರಶ್ನೆ ತೊಡಕೆನಿಸುವುದಿಲ್ಲ.

ನಿಯಮಗಳ ಸಂಖ್ಯೆಗಳನ್ನು ಮಾತ್ರ ಬಾಯಿಪಾಠ ಮಾಡುವುದು ಅನಿವಾರ್ಯ: ತ್ಯಾಜ್ಯ ನೀರಿನ ಎರಡನೇ ಹಂತದ ಶುದ್ಧೀಕರಣಕ್ಕೆ ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಮತ್ತು ನೀರಿನಲ್ಲಿ ಕರಗದೆ ಉಳಿದ ನಿಲಂಬಿತ ಘನಾಂಶ ಎರಡರ ಮಿತಿ ಮಾಸಿಕ ಸರಾಸರಿ ಲೀಟರ್‌ಗೆ 30, ವಾರದ ಸರಾಸರಿ 45 ಮಿಲಿಗ್ರಾಂ; ಕುಡಿಯುವ ನೀರಿನಲ್ಲಿ ಉಳಿಕೆ ಕ್ಲೋರಿನ್‌ನ ಗರಿಷ್ಠ ಮಿತಿ ಲೀಟರ್‌ಗೆ 4 ಮಿಲಿಗ್ರಾಂ. ಸುರಕ್ಷತೆಯ ಪ್ರಶ್ನೆಗಳು ಸುಲಭವಾಗಿ ಸಿಗುವ ಅಂಕಗಳು. ಕ್ಲೋರಿನ್ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ್ದರಿಂದ ಕೋಣೆಯ ಗಾಳಿ ಹೊರಹಾಕುವ ಕಿಂಡಿ ನೆಲದ ಹತ್ತಿರವಿರಬೇಕು. ಮುಚ್ಚಿದ ಗುಂಡಿಗೆ ಇಳಿಯುವ ಮೊದಲು ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇಲ್ಲವೆಂದು ಅಳೆದು ನೋಡಬೇಕು.

ಬಹುತೇಕ ಕಡೆ ಉತ್ತೀರ್ಣರಾಗಲು ಶೇ. 70 ಅಂಕ ಬೇಕು. ಕೆಲಸದ ಅನುಭವವಿಲ್ಲದವರಿಗೆ ಪರೀಕ್ಷೆಯನ್ನು ಮೊದಲೇ ಬರೆದು ತರಬೇತಿ ಆಪರೇಟರ್ ಆಗಿ ಸೇರುವ ಅವಕಾಶವನ್ನು ಹಲವು ರಾಜ್ಯಗಳು ಕೊಡುತ್ತವೆ. ಅರ್ಜಿ ಹಾಕುವ ಮೊದಲು ನಿಮ್ಮ ಭಾರತೀಯ ಪದವಿಯ ಮೌಲ್ಯಮಾಪನ ಪತ್ರ ಬೇಕೇ ಎಂಬುದನ್ನು ಆ ರಾಜ್ಯದ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿಕೊಳ್ಳಿ.