ಆಯ್ಕೆಗೆ ಬೆಲೆ ಕಟ್ಟುವುದು: ವಿಡಿಯೋ ಗೇಮಿಗೆ ಪ್ರಬುದ್ಧ ಕಥೆ ಹೆಣೆಯುವ ಬಗೆ

ವಿಡಿಯೋ ಗೇಮಿಗೆ ಕಥೆ ಬರೆಯಲು ಕುಳಿತವರು ಪಾತ್ರಗಳ ಪೂರ್ವವೃತ್ತಾಂತವನ್ನೂ ಕಲ್ಪಿತ ಲೋಕದ ಇತಿಹಾಸವನ್ನೂ ಪುಟಗಟ್ಟಲೆ ಬರೆದಿಟ್ಟು, ಆಟವನ್ನು ಆಮೇಲೆ ಅದಕ್ಕೆ ಹೊಂದಿಸಲು ಹೊರಡುವುದೇ ಹೆಚ್ಚು. ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಿ. ಆಟಗಾರರು ಗಂಟೆಗಟ್ಟಲೆ ಮಾಡುವ ಕೆಲಸ ಯಾವುದು ಎಂಬುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೊಂಡು, ಕಥೆಯ ಸಂಕಟ ಆ ಕೆಲಸದೊಳಗೇ ಹುಟ್ಟುತ್ತದೆಯೇ ಎಂದು ನೋಡಿ. ಯಾವ ಗೇಮು ಯಾವ ವಯಸ್ಸಿನವರಿಗೆ ಎಂದು ಗುರುತಿಸುವ ಅಮೆರಿಕದ ಇಎಸ್‌ಆರ್‌ಬಿ ಸಂಸ್ಥೆ 17 ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಿಗೆಂದು ಒತ್ತುವ ‘ಮೆಚೂರ್’ (ಪ್ರಬುದ್ಧ) ಮುದ್ರೆ ರಕ್ತಪಾತ, ಬೈಗುಳ, ನಗ್ನತೆಗಳನ್ನು ಅಳೆಯುತ್ತದೆ. ಕಥೆಗಾರರು ಅದನ್ನು ಗುರಿಯಾಗಿ ಇಟ್ಟುಕೊಳ್ಳಬೇಕಾಗಿಲ್ಲ.

ಈ ವಿದ್ಯೆಗೆ ನಾನು ಮೊದಲು ತೋರಿಸುವ ಮಾದರಿ, ಲೂಕಸ್ ಪೋಪ್ 2013ರಲ್ಲಿ ಬಿಡುಗಡೆ ಮಾಡಿದ ‘ಪೇಪರ್ಸ್, ಪ್ಲೀಸ್’. ಇದರಲ್ಲಿ ಆಟಗಾರರು ಕಲ್ಪಿತ ದೇಶವೊಂದರ ಗಡಿಠಾಣೆಯ ಗುಮಾಸ್ತರಾಗಿ, ಸಾಲಾಗಿ ಬರುವವರ ಪಾಸ್‌ಪೋರ್ಟ್ ಪರಿಶೀಲಿಸಿ ಮುದ್ರೆ ಒತ್ತುತ್ತಾರೆ. ತಪಾಸಣೆ ಮಾಡಿದ ತಲೆಗಿಷ್ಟು ಎಂದು ಸಂಬಳ, ಆ ಸಂಬಳದಲ್ಲಿ ಮನೆ ಬಾಡಿಗೆ, ಊಟ, ಚಳಿಗೆ ಕಾವು, ಕಾಯಿಲೆಗೆ ಔಷಧ. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆಯ ಚೀಟಿ ಮಾತ್ರ ಬರುತ್ತದೆ, ಮೂರನೆಯದರಿಂದ ದಂಡ ಬೀಳುತ್ತದೆ. ಒಂದು ದಿನ, ಕಾಗದಪತ್ರ ಸರಿಯಿರುವ ಗಂಡಸೊಬ್ಬ ಒಳಹೋಗುತ್ತ, ಹಿಂದೆ ಬರುವ ತನ್ನ ಹೆಂಡತಿಯ ಮೇಲೆ ದಯೆಯಿರಲಿ ಎನ್ನುತ್ತಾನೆ. ಆಕೆಯ ಬಳಿ ಪ್ರವೇಶಪತ್ರವಿಲ್ಲ. ಹಿಂದಿರುಗಿದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ದಿನದ ಎರಡೂ ಎಚ್ಚರಿಕೆಗಳು ಮುಗಿದುಹೋಗಿದ್ದರೆ ಆಕೆಗೆ ತೋರುವ ಕರುಣೆ ಗುಮಾಸ್ತರದೇ ಮನೆಯ ಊಟಕ್ಕೋ ಕಾವಿಗೋ ಕುತ್ತಾಗುತ್ತದೆ. ಹೀಗಾಗಿ ಒಂದೆರಡು ದಿನ ಆಡಿದವರು ತಮ್ಮ ತಪ್ಪುಗಳನ್ನು ಜಿಪುಣರಂತೆ ಕಾದಿಡತೊಡಗುತ್ತಾರೆ, ಸಂಜೆಯೊಳಗೆ ಯಾರಿಗಾದರೂ ಬೇಕಾದೀತು ಎಂದು. ಯಾವ ಸಂಭಾಷಣೆಯೂ ಹೇಳಿಕೊಡದ ಈ ಲೆಕ್ಕಾಚಾರವನ್ನು ಕಲಿಸಿದ್ದು ಆಟದ ನಿಯಮ.

ಆದ್ದರಿಂದ ನಿಮ್ಮ ಆಟ ಈಗಾಗಲೇ ಏನೇನನ್ನು ಎಣಿಸುತ್ತಿದೆ, ಹಣವೋ ಹೊತ್ತೋ ಗುಂಡುಗಳೋ ಆಹಾರವೋ, ಎಂದು ಪಟ್ಟಿ ಮಾಡಿ, ಕಥೆಯ ದೊಡ್ಡ ನಿರ್ಧಾರಗಳ ಬೆಲೆಯನ್ನು ಅದೇ ನಾಣ್ಯದಲ್ಲಿ ವಸೂಲು ಮಾಡಿ. ಒಳ್ಳೆಯತನಕ್ಕೆ ಪ್ರತ್ಯೇಕ ಅಂಕ ಕೊಡಬೇಡಿ. 2007ರ ‘ಮಾಸ್ ಎಫೆಕ್ಟ್’ನ ಸಹಚರ ಪಾತ್ರಗಳನ್ನು ನಾನು ಮೆಚ್ಚುತ್ತೇನಾದರೂ, ಒಳ್ಳೆಯತನವನ್ನೂ ಒರಟುತನವನ್ನೂ ಎಣಿಸುವ ಅದರ ನೀಲಿ ಮತ್ತು ಕೆಂಪು ಮಾಪಕಗಳು ಎದುರಿಗಿರುವ ಮನುಷ್ಯನಿಂದ ಕಣ್ಣನ್ನು ಅಂಕದ ಕಡೆಗೆ ಸೆಳೆಯುತ್ತವೆ.

ಪರಿಣಾಮವನ್ನು ತಡವಾಗಿ ತೋರಿಸುವುದೂ ಕಲಿಯಬೇಕಾದ ಕೆಲಸವೇ. ‘ದಿ ವಿಚರ್ 3’ (2015) ಆಟದಲ್ಲಿ ಮರದಡಿಯ ಆತ್ಮವೊಂದನ್ನು ಬಿಡುಗಡೆ ಮಾಡಿದರೆ ಅನಾಥ ಮಕ್ಕಳು ಉಳಿಯುತ್ತಾರೆ, ಹಳ್ಳಿಯೊಂದು ನಾಶವಾಗುತ್ತದೆ. ಇನ್ನೊಂದು ಕುಟುಂಬದ ಗತಿಯೂ ಅದರಿಂದಲೇ ಬದಲಾದದ್ದು ಬಹಳ ಹೊತ್ತಿನ ಮೇಲೆ ಗೊತ್ತಾಗುತ್ತದೆ. ಅಷ್ಟರೊಳಗೆ ಹಿಂದೆ ಉಳಿಸಿಟ್ಟ ಹಂತಕ್ಕೆ (ಸೇವ್) ಮರಳಿ ಬೇರೆ ಆಯ್ಕೆ ಮಾಡುವ ಮನಸ್ಸು ಯಾರಿಗೂ ಇರುವುದಿಲ್ಲ. ಆದರೆ ನಿರ್ಧಾರಕ್ಕೆ ಮುಂಚೆ ಸುಳಿವುಗಳಿರಲೇಬೇಕು, ಇಲ್ಲವಾದರೆ ಅದು ಬರೀ ಮೋಸ.

ಪೋಲೆಂಡಿನ 11 ಬಿಟ್ ಸ್ಟುಡಿಯೋಸ್ 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ನಡೆದ ಸರಾಯೆವೊ ನಗರದ ಮುತ್ತಿಗೆಯಿಂದ ಪ್ರೇರಣೆ ಪಡೆದು 2014ರಲ್ಲಿ ತಂದ ‘ದಿಸ್ ವಾರ್ ಆಫ್ ಮೈನ್’, ಯುದ್ಧದಲ್ಲಿ ಸಿಕ್ಕಿಬಿದ್ದ ಸಾಮಾನ್ಯ ನಾಗರಿಕರ ಆಟ, ಪರಿಣಾಮವನ್ನು ಪಾತ್ರಗಳ ಮೈಮೇಲೇ ಬರೆಯುತ್ತದೆ. ಪ್ರತಿರೋಧಿಸದ ವೃದ್ಧ ದಂಪತಿಯ ಮನೆಯಿಂದ ಆಹಾರ, ಔಷಧ ಕದ್ದು ತಂದವರು ಮರುದಿನ ಮಂಕಾಗಿ ಕೂರುತ್ತಾರೆ, ಅವರ ಕೆಲಸವೂ ಕುಂಟುತ್ತದೆ.

ಆಯ್ಕೆಯನ್ನೇ ಕಿತ್ತುಕೊಳ್ಳುವುದಾದರೆ ಪ್ರಾಮಾಣಿಕವಾಗಿ ಕಿತ್ತುಕೊಳ್ಳಿ. ‘ಸ್ಪೆಕ್ ಆಪ್ಸ್: ದಿ ಲೈನ್’ (2012) ಬಿಳಿ ರಂಜಕವೆಂಬ ಸುಡುವ ಅಸ್ತ್ರದ ದಾಳಿಯ ಹೊರತು ಮುಂದೆ ಹೋಗಲು ಬೇರೆ ದಾರಿ ಕೊಡದೆ, ಆಮೇಲೆ ಅದರಲ್ಲಿ ನಾಗರಿಕರು ಸತ್ತದ್ದಕ್ಕೆ ಆಟಗಾರರನ್ನೇ ದೂರುತ್ತದೆ, ಈ ತಂತ್ರ ನನಗೆ ಅರ್ಧ ಮಾತ್ರ ಒಪ್ಪಿಗೆ. ‘ದಿ ಲಾಸ್ಟ್ ಆಫ್ ಅಸ್’ (2013) ಕೊನೆಯ ಆಸ್ಪತ್ರೆ ದೃಶ್ಯದಲ್ಲಿ ಹುಡುಗಿಯೊಬ್ಬಳನ್ನು ಉಳಿಸಲು ಕೊಲ್ಲುವ ನಿರ್ಧಾರ ಕಥಾನಾಯಕ ಜೋಎಲ್‌ನದು, ಗುಂಡಿ ಒತ್ತುವ ಬೆರಳು ಮಾತ್ರ ನಮ್ಮದು. ನಿರ್ಧಾರ ಆಟಗಾರರದೆಂದು ಆ ಆಟ ಎಲ್ಲಿಯೂ ನಟಿಸುವುದಿಲ್ಲ.

ಸಂಭಾಷಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕನ್ನಡದಲ್ಲಿ ಬರೆಯುವವರು ಧಾರವಾಡದ ಅಜ್ಜಿಯ ಬಾಯಲ್ಲೂ ಕುಂದಾಪುರದ ಹುಡುಗನ ಬಾಯಲ್ಲೂ ಒಂದೇ ಗ್ರಾಂಥಿಕ ಭಾಷೆ ತುರುಕದಿದ್ದರೆ ಅರ್ಧ ಗೆದ್ದಂತೆ.

ಕರಡು ಆಟ ಸಿದ್ಧವಾದ ಮೇಲೆ ಬೇರೆಯವರಿಂದ ಆಡಿಸಿ, ಏನೂ ವಿವರಿಸದೆ ಹಿಂದೆ ಕುಳಿತು ನೋಡಿ. ಚೆನ್ನಾಗಿದೆಯೇ ಎಂದು ಕೇಳಬೇಡಿ; ಅವರ ಕೈ ಎಲ್ಲಿ ತಡೆಯಿತು ಎಂಬುದನ್ನು ಗುರುತು ಹಾಕಿಕೊಂಡು, ಆಟ ಮುಗಿದ ಮೇಲೆ ಕಾರಣ ವಿಚಾರಿಸಿ. ಎಲ್ಲರೂ ಕ್ಷಣವೂ ಯೋಚಿಸದೆ ಒಂದೇ ಉತ್ತರ ಒತ್ತುವ ಕಡೆ ಆಯ್ಕೆಯ ಬೆಲೆಯನ್ನು ಏರಿಸಿ. ಏರಿಸಿದರೂ ಫಲವಿಲ್ಲವೆಂದಾದರೆ ಆ ಆಯ್ಕೆಯನ್ನೇ ಕಿತ್ತುಹಾಕಿ.