ಕೆಂಪು ಮಸಾರಿಯಲ್ಲಿ ಬೆರಕೆ ಹುಲ್ಲುಗಾವಲು: ಕುರಿ ಮೇಯಿಸಿಯೂ ಮಣ್ಣು ಸಡಿಲವಾಗಿ ಉಳಿಸಿಕೊಂಡ ಬಗೆ

ಹಿರಿಯೂರು ಸೀಮೆಯ ಕೆಂಪು ಮಸಾರಿ ಮಳೆಯ ಹೊಡೆತಕ್ಕೆ ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ಕುರಿ ತುಳಿದರೆ ನೀರು ಇಂಗದೆ ಬದುವಿನತ್ತ ಹರಿದುಹೋಗುತ್ತದೆ. ಬರೀ ಅಂಜನ್ ಹುಲ್ಲು ಹಾಕಿದ ತುಂಡಿನಲ್ಲಿ ಬುಡಗಳ ನಡುವೆ ನೆಲ ಬೋಳಾಗೇ ಉಳಿಯಿತು. ಬರೀ ಸ್ಟೈಲೋ (ದ್ವಿದಳ ಜಾತಿಯ ಮೇವಿನ ಗಿಡ) ಹಾಕಿದ ಕಡೆ ಉದುರಿದ ಎಲೆ ಬೇಗ ಕರಗಿತು, ಬೇಸಿಗೆಗೆ ನೆಲಕ್ಕೆ ಹೊದಿಕೆಯೇ ಇಲ್ಲ. ಆಮೇಲೆ ಬೆರಕೆಗೆ ಬಂದೆ.

ಎಕರೆಗೆ ನಾನು ಹಾಕುವುದು ಅಂಜನ್ 2 ಕೆಜಿ, ಸ್ಟೈಲೋ ಹಮಾಟಾ 2 ಕೆಜಿ, ಸ್ಟೈಲೋ ಸ್ಕೇಬ್ರಾ ಅರ್ಧ ಕೆಜಿ, ಸಿರಾಟ್ರೋ ಎಂಬ ದ್ವಿದಳ ಮೇವಿನ ಬಳ್ಳಿ ಅರ್ಧ ಕೆಜಿ. ಮೊದಲೇ ಇದ್ದ ಗರಿಕೆಯನ್ನು ಕೀಳಿಸಲಿಲ್ಲ. ಅಂಜನ್‌ನ ಜಡೆಬೇರು ಮೇಲ್ಮಣ್ಣನ್ನು ಹರಳು ಹರಳಾಗಿ ಹಿಡಿಯುತ್ತದೆ, ಸ್ಕೇಬ್ರಾದ ತಾಯಿಬೇರು ನೇಗಿಲು ಓಡಿದ ಗಟ್ಟಿ ಪದರವನ್ನು ಸೀಳಿಕೊಂಡು ಇಳಿಯುತ್ತದೆ. ಸಿರಾಟ್ರೋ ಬಳ್ಳಿ ಮೇಯುವುದಕ್ಕೆ ತಾಳುವುದಿಲ್ಲ. ಅದನ್ನು ಬೇಲಿ ಅಂಚಿಗೆ ಮಾತ್ರ ಹಾಕಿ.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಮೂರು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಸುಮಾರು 80 ಡಿಗ್ರಿ ಆಗುತ್ತದೆ. ಬಟ್ಟೆಯಲ್ಲಿ ಕಟ್ಟಿದ ಬೀಜವನ್ನು ಅದರಲ್ಲಿ ನಾಲ್ಕು ನಿಮಿಷ ಇಟ್ಟು, ತಣ್ಣೀರಿಗದ್ದಿ, ನೆರಳಲ್ಲಿ ಒಣಗಿಸಿ. ಅಂಜನ್ ಬೀಜ ಆ ವರ್ಷದ್ದೇ ಆದರೆ ಸರಿಯಾಗಿ ಮೊಳೆಯದು, ಹಿಂದಿನ ವರ್ಷದ್ದು ಬೇಕು. ಅದು ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ. ಹಸಿ ಮರಳಿನಲ್ಲಿ ಕಲಸಿ ಎರಚಬೇಕು. ಮೃಗಶಿರ ಮಳೆಗೆ ನೆಲ ಹದವಾದಾಗ ಎರಚಿ, ಮುಳ್ಳುಕೊಂಬೆ ಎಳೆದರೆ ಸಾಕು. ಬೀಜ ಒಂದು ಸೆಂ.ಮೀ.ಗಿಂತ ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ. ಬಿತ್ತುವ ಮುಂಚೆ ಎಕರೆಗೆ ಎರಡು ಚೀಲ ಸೂಪರ್ ಫಾಸ್ಫೇಟ್ ಹಾಕುತ್ತೇನೆ. ಯೂರಿಯಾ ಬೇಡ: ಹುಲ್ಲು ಕೊಬ್ಬಿ ಸ್ಟೈಲೋವನ್ನು ಮುಚ್ಚುತ್ತದೆ, ಗಾಳಿಯ ಸಾರಜನಕ ಹಿಡಿಯುವ ಅದರ ಬೇರುಗಂಟುಗಳೂ ಸೋಮಾರಿಯಾಗುತ್ತವೆ.

ಮೊದಲ ವರ್ಷ ಬೀಜ ಉದುರುವವರೆಗೂ ಕುರಿ ಬಿಡಬಾರದು. ಹಲವರು ಇಲ್ಲೇ ಕೆಡುವುದು. ಸಸಿಯ ಬೇರು ಹಿಡಿಯುವ ಮುನ್ನ ಕುರಿ ಬುಡಸಮೇತ ಕಿತ್ತುಬಿಡುತ್ತದೆ.

ಎರಡನೇ ವರ್ಷದಿಂದ 3 ಎಕರೆಯನ್ನು ಮಂದೆಗೆ ಕಟ್ಟುವ ಬಲೆಯಿಂದಲೇ ಎಂಟು ಪಾಲು ಮಾಡಿ 12 ಕುರಿ ಮೇಯಿಸುತ್ತೇನೆ. ಪಾಲಿಗೆ ಐದು ದಿನ, ಅಂದರೆ ಪ್ರತಿ ಪಾಲಿಗೂ 35 ದಿನ ಬಿಡುವು. ಹುಲ್ಲು ಗೇಣುದ್ದಕ್ಕಿಂತ ಕೆಳಗಿಳಿದರೆ ಐದು ದಿನ ಆಗದಿದ್ದರೂ ಮಂದೆ ಎಬ್ಬಿಸಬೇಕು. ಮಳೆ ನಿಂತ ಎರಡು ದಿನ ಒಳಗೆ ಬಿಡುವುದಿಲ್ಲ. ಹಸಿ ನೆಲದಲ್ಲಿ ಗೊರಸು ಒತ್ತಿದ್ದು ಇಟ್ಟಿಗೆಯಾಗುತ್ತದೆ.

ಕುರಿ ಮಳೆಗಾಲದಲ್ಲಿ ಎಳೆ ಅಂಜನ್ ಹುಡುಕುತ್ತದೆ, ಹುಲ್ಲು ಬಲಿತ ಮೇಲೆಯೇ ಸ್ಟೈಲೋಗೆ ಬಾಯಿ ಹಾಕುವುದು. ಬಿಡುವಿಲ್ಲದೆ ಮೇಯಿಸಿದರೆ ಅಂಜನ್ ಸವೆದು ತಂಗಡಿ, ಕಾಂಗ್ರೆಸ್ ಗಿಡ ನುಗ್ಗುತ್ತವೆ. ಹಾಗೆಂದು ಮುಂಗಾರಿನಲ್ಲಿ ಹುಲ್ಲನ್ನು ಮೊಣಕಾಲುದ್ದ ಬಿಟ್ಟರೂ ತಪ್ಪು. ಉದುರಿ ಮೊಳೆತ ಸ್ಟೈಲೋ ಸಸಿಗಳು ನೆರಳಿಗೆ ಸಾಯುತ್ತವೆ. ಆಗೊಮ್ಮೆ ಮೇಯಿಸಿ ಬೆಳಕು ಬಿಡಿ.

ಮಣ್ಣು ನೋಡಲು 15 ಸೆಂ.ಮೀ. ಅಗಲದ ಪಿವಿಸಿ ಪೈಪಿನ ತುಂಡನ್ನು ಮೂರು ಇಂಚು ಇಳಿಸಿ 450 ಮಿ.ಲೀ. ನೀರು ಸುರಿಯಿರಿ. ಅದು ಒಂದಿಂಚು ಮಳೆಗೆ ಸಮ. ಅದು ಇಂಗಿದ ಮೇಲೆ ಮತ್ತೊಮ್ಮೆ ಸುರಿದು, ಎರಡನೆಯದಕ್ಕೆ ಹಿಡಿದ ಸಮಯ ಬರೆದಿಡಿ. ಪ್ರತಿ ವರ್ಷ ಅದೇ ಜಾಗ, ಅದೇ ತಿಂಗಳು. ಬೇಲಿ ಬುಡದಲ್ಲೂ ಕುರಿ ನಡೆವ ದಾರಿಯಲ್ಲೂ ಅಳೆದರೆ ಹೋಲಿಕೆಗೆ ಆಗುತ್ತದೆ. ಒಣಗಿದ ಸಣ್ಣ ಹೆಂಟೆಯನ್ನು ಜಾಲರಿಯ ಮೇಲಿಟ್ಟು ನೀರಿಗೆ ಇಳಿಸಿ. ಬೋಳು ನೆಲದ್ದು ಕೂಡಲೇ ಕದಡುತ್ತದೆ, ಅಂಜನ್ ಬುಡದ್ದು ಹಾಗೇ ನಿಲ್ಲುತ್ತದೆ. ಸ್ಟೈಲೋ ಬೇರುಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಕಂಡರೆ ಸಾರಜನಕ ಹಿಡಿಯುತ್ತಿದೆ ಎಂದರ್ಥ.

ನಮ್ಮಲ್ಲಿ ಅತಿ ನಿಧಾನವಾಗಿ ನೀರು ಇಂಗಿಸುತ್ತಿದ್ದುದು ಕುರಿಗಳು ಕುಡಿಯುವ ತೊಟ್ಟಿಯ ಸುತ್ತಲಿನ ನೆಲ. ಹಿಕ್ಕೆಯೆಲ್ಲ ಅಲ್ಲೇ ಗುಡ್ಡೆ ಬೀಳುತ್ತಿತ್ತು. ಈಗ ಸಿಮೆಂಟ್ ತೊಟ್ಟಿಯ ಬದಲು ಪ್ಲಾಸ್ಟಿಕ್ ಟಬ್ ಇಟ್ಟು, ಬಲೆ ಸರಿಸಿದಾಗೆಲ್ಲ ಅದನ್ನೂ ಸರಿಸುತ್ತೇನೆ.